ಆಟಕ್ಕುಂಟು, ಲೆಕ್ಕಕ್ಕಿಲ್ಲ: ಹಣ್ಣಿನ ನೊಣದ ಹೆಚ್ಚುವರಿ ವರ್ಣತಂತುಗಳ ಚರಿತ್ರೆ



ನಮ್ಮ ಕಡೆಯ ಮಕ್ಕಳ ಆಟಗಳಲ್ಲಿ ಒಂದು ಹಳೆಯ ಏರ್ಪಾಡು ಇದೆ. ದೊಡ್ಡ ಹುಡುಗರು ಲಗೋರಿಯನ್ನೋ ಕಬಡ್ಡಿಯನ್ನೋ ಆಡುವಾಗ ಅವರ ಪುಟ್ಟ ತಮ್ಮಂದಿರೂ ಬಂದು ಸೇರಿಕೊಳ್ಳುತ್ತಾರೆ. ಅವರನ್ನು ಓಡಿಸಿದರೆ ಮನೆಯಲ್ಲಿ ಬೈಗುಳ. ತಂಡಕ್ಕೆ ಸೇರಿಸಿಕೊಂಡರೆ ಸೋಲು. ಆಗ ಹುಡುಗರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬರುತ್ತಾರೆ: "ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ." ಆ ಮಗು ಅತ್ತಿತ್ತ ಓಡಾಡಿಕೊಂಡಿರುತ್ತದೆ, ಆದರೆ ಅಂಕಗಳಲ್ಲಿ ಅದಕ್ಕೆ ಪಾಲಿಲ್ಲ. ಜೀವಕೋಶದ ಒಳಗೂ ಇಂತಹ ಸದಸ್ಯರಿದ್ದಾರೆ ಎಂದರೆ ನಂಬುವಿರಾ? ಅವುಗಳ ಚರಿತ್ರೆಯನ್ನು ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠ ನಿಮ್ಮಲ್ಲಿ ಹಲವರಿಗೆ ಇನ್ನೂ ನೆನಪಿರಬಹುದು. ಪ್ರತಿಯೊಂದು ಜೀವಿ ಪ್ರಭೇದಕ್ಕೂ ವರ್ಣತಂತುಗಳ ಒಂದು ನಿಶ್ಚಿತ ಸಂಖ್ಯೆ ಇರುತ್ತದೆ. ಮನುಷ್ಯನಿಗೆ 46, ಈರುಳ್ಳಿಗೆ 16, ಬಟಾಣಿಗೆ 14, ಹಣ್ಣಿನ ನೊಣಕ್ಕೆ 8. ಪರೀಕ್ಷೆಗೆ ಇಷ್ಟು ಸಾಕಾಗಿತ್ತು, ಪ್ರಕೃತಿಗೆ ಸಾಕಾಗಲಿಲ್ಲ. ಇಂದು 2,800ಕ್ಕೂ ಹೆಚ್ಚು ಪ್ರಭೇದಗಳಲ್ಲಿ, ಅಂದರೆ ಗಿಡಗಳಲ್ಲಿ, ಕೀಟಗಳಲ್ಲಿ, ಮೀನುಗಳಲ್ಲಿ, ಶಿಲೀಂಧ್ರಗಳಲ್ಲಿ ಕೂಡ, ಈ ನಿಶ್ಚಿತ ಸಂಖ್ಯೆಗೆ ಹೊರತಾದ ವರ್ಣತಂತುಗಳು ಕಂಡುಬಂದಿವೆ. ಒಂದೇ ಪ್ರಭೇದದ ಒಂದು ಜೀವಿಯಲ್ಲಿ ಅವು ಇರುತ್ತವೆ, ಪಕ್ಕದ ಜೀವಿಯಲ್ಲಿ ಇರುವುದಿಲ್ಲ. ಇದ್ದರೂ ಜೀವನ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಇವುಗಳನ್ನು ವಿಜ್ಞಾನಿಗಳು 'ಬಿ ವರ್ಣತಂತುಗಳು' ಎಂದು ಕರೆಯುತ್ತಾರೆ.

ಮೊದಲು ಕಂಡದ್ದು ತಿಗಣೆಯ ಬಂಧುವಿನಲ್ಲಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಬೀಚರ್ ವಿಲ್ಸನ್ ಎಂಬ ಮಹಾನ್ ಕೋಶವಿಜ್ಞಾನಿ ಇದ್ದರು. ಜೀವಕೋಶವನ್ನು ಕುರಿತು ಅವರು ಬರೆದ ಗ್ರಂಥವನ್ನು ಓದದೆ ಆ ಕಾಲದಲ್ಲಿ ಯಾರೂ ಜೀವವಿಜ್ಞಾನಿ ಎನ್ನಿಸಿಕೊಳ್ಳುತ್ತಿರಲಿಲ್ಲ. ತಿಗಣೆಯ ಗಣಕ್ಕೆ ಸೇರಿದ, ಗಿಡಗಳ ರಸ ಹೀರುವ ಮೆಟಪೋಡಿಯಸ್ ಎಂಬ ಕೀಟದ ವರ್ಣತಂತುಗಳನ್ನು ಅವರು ಎಣಿಸುತ್ತಿದ್ದರು. ಎಣಿಕೆ ಮಾತ್ರ ಹೊಂದುತ್ತಿರಲಿಲ್ಲ. ಒಂದು ಕೀಟದಲ್ಲಿ 22 ಇದ್ದರೆ ಇನ್ನೊಂದರಲ್ಲಿ ಅದಕ್ಕಿಂತ ಹೆಚ್ಚು.

ಬೇರೆ ಯಾರಾದರೂ ಆಗಿದ್ದರೆ ಎಣಿಸುವಾಗ ಕಣ್ಣು ತಪ್ಪಿತೆಂದು ಸುಮ್ಮನಾಗುತ್ತಿದ್ದರೇನೋ. ವಿಲ್ಸನ್ ಹಾಗೆ ಮಾಡಲಿಲ್ಲ. ಒಂದೇ ಕೀಟದ ಬೇರೆ ಬೇರೆ ಕೋಶಗಳಲ್ಲಿ ಸಂಖ್ಯೆ ಒಂದೇ ಆಗಿರುವುದನ್ನು, ಒಂದು ಕೀಟದಿಂದ ಇನ್ನೊಂದಕ್ಕೆ ಮಾತ್ರ ಅದು ಬದಲಾಗುವುದನ್ನು ಅವರು ಗಮನಿಸಿದರು. ಎಣಿಕೆಯ ದೋಷವಾಗಿದ್ದರೆ ಅದು ಒಂದೇ ಕೀಟದೊಳಗೂ ಏರುಪೇರಾಗಬೇಕಾಗಿತ್ತಲ್ಲವೇ? ಈ ಒಂದು ಸರಳ ತರ್ಕದಿಂದ ಅವರು 1907ರಲ್ಲಿ 'ಹೆಚ್ಚುವರಿ ವರ್ಣತಂತುಗಳು' ಎಂಬ ಹೊಸ ಸಂಗತಿಯನ್ನು ಲೋಕದ ಮುಂದಿಟ್ಟರು. ಮಾರನೆಯ ವರ್ಷವೇ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ ಡಯಾಬ್ರೋಟಿಕಾ ಎಂಬ ದುಂಬಿಯಲ್ಲಿ ಅಂತಹವುಗಳನ್ನೇ ಕಂಡು ವರದಿ ಮಾಡಿದರು. ಗಂಡು ಹೆಣ್ಣಿನ ನಿರ್ಧಾರಕ್ಕೂ ವೈ ವರ್ಣತಂತುವಿಗೂ ಇರುವ ನಂಟನ್ನು 1905ರಲ್ಲಿ ತೋರಿಸಿಕೊಟ್ಟವರು ಈ ಸ್ಟೀವನ್ಸ್ ಅವರೇ. 1912ರಲ್ಲಿ, ಐವತ್ತರ ಹರೆಯದಲ್ಲೇ, ಅವರು ತೀರಿಕೊಂಡರು. ಹಣ್ಣಿನ ನೊಣದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಮೊದಲು ಪರಿಶೀಲಿಸಿದವರಲ್ಲಿಯೂ ಅವರು ಒಬ್ಬರು.

ನೊಣಗಳ ಕೋಣೆ

ವಿಲ್ಸನ್ನರ ಸಹೋದ್ಯೋಗಿಯಾಗಿ ಅದೇ ಕೊಲಂಬಿಯಾದಲ್ಲಿದ್ದವರು ಥಾಮಸ್ ಹಂಟ್ ಮಾರ್ಗನ್. ಅಲ್ಲಿನ ಷರ್ಮರ್‌ಹಾರ್ನ್ ಕಟ್ಟಡದ ಒಂದು ಕೋಣೆ, ಉದ್ದ 23 ಅಡಿ, ಅಗಲ 16 ಅಡಿ. ನಮ್ಮ ಶಾಲೆಯ ಪ್ರಯೋಗಾಲಯಕ್ಕಿಂತ ಚಿಕ್ಕದು. ಅದರ ತುಂಬ ಹಾಲಿನ ಬಾಟಲಿಗಳು, ಬಾಟಲಿಗಳ ತುಂಬ ನೊಣಗಳು, ಎಲ್ಲೆಲ್ಲೂ ಕೊಳೆತ ಬಾಳೆಹಣ್ಣಿನ ವಾಸನೆ. ಆನುವಂಶಿಕ ವಿಜ್ಞಾನಕ್ಕೆ ಗರ್ಭಗುಡಿಯೆಂದರೆ ಆ ಕೋಣೆಯೇ. 1910ರಲ್ಲಿ ಮಾರ್ಗನ್ ಅಲ್ಲಿ ಬಿಳಿಗಣ್ಣಿನ ಒಂದು ಗಂಡು ನೊಣವನ್ನು ಕಂಡುದು, ಅದರಿಂದ ವಂಶವಾಹಿಗಳು ವರ್ಣತಂತುಗಳ ಮೇಲೆಯೇ ಇವೆಯೆಂಬ ತೀರ್ಮಾನಕ್ಕೆ ದಾರಿಯಾದುದು, 1933ರಲ್ಲಿ ಅವರಿಗೆ ನೊಬೆಲ್ ಬಂದುದು, ಇವೆಲ್ಲ ನಿಮಗೆ ಪಾಠದಲ್ಲಿ ಹೇಳಿದವೇ.

ಬಾಟಲಿಯಲ್ಲಿ ಬಾಳೆಹಣ್ಣಿಟ್ಟು ಕಿಟಕಿಯ ಬಳಿ ಇಟ್ಟರೆ ಎರಡು ದಿನಗಳಲ್ಲಿ ಈ ನೊಣಗಳು ತಾವಾಗಿಯೇ ಬಂದು ಸೇರುತ್ತಿದ್ದುದನ್ನು, ಭೂತಗನ್ನಡಿ ಹಿಡಿದು ಅವುಗಳ ಕೆಂಗಣ್ಣು ನೋಡಲು ನೀವು ಮುಗಿಬೀಳುತ್ತಿದ್ದುದನ್ನು ನಾನು ಮರೆತಿಲ್ಲ. ಅಷ್ಟು ಅಗ್ಗದ ಪ್ರಾಣಿ ಅದು. 25 ಡಿಗ್ರಿ ಉಷ್ಣತೆಯಲ್ಲಿ ಹತ್ತೇ ದಿನಗಳಲ್ಲಿ ಮೊಟ್ಟೆಯಿಂದ ಪ್ರೌಢ ನೊಣ. ವರ್ಣತಂತುಗಳು ನಾಲ್ಕೇ ಜೊತೆ. ಮೂರು ದೊಡ್ಡವು, ನಾಲ್ಕನೆಯದು ಪೂರ್ಣವಿರಾಮದ ಚುಕ್ಕೆಯಷ್ಟು ಸಣ್ಣದು. ಈ ಚುಕ್ಕೆಯನ್ನು ನೆನಪಿನಲ್ಲಿಡಿ, ಮುಂದೆ ಅದೇ ಕಥಾನಾಯಕನಾಗುತ್ತದೆ.

ಮಾರ್ಗನ್ನರ ಶಿಷ್ಯರಲ್ಲಿ ಕ್ಯಾಲ್ವಿನ್ ಬ್ರಿಜಸ್ ಎಂಬವರು ಬಾಟಲಿ ತೊಳೆಯುವ ಕೆಲಸಕ್ಕೆಂದು ಸೇರಿದ ವಿದ್ಯಾರ್ಥಿ. ಮೊಟ್ಟೆ ತಯಾರಾಗುವಾಗ ಜೋಡಿ ವರ್ಣತಂತುಗಳು ಬೇರ್ಪಟ್ಟು ಒಂದೊಂದು ಒಂದೊಂದು ಕಡೆಗೆ ಹೋಗಬೇಕು. ಅಪರೂಪಕ್ಕೆ ಎರಡೂ ಒಂದೇ ಕಡೆ ಉಳಿದುಬಿಡುತ್ತವೆ. ಇದನ್ನು ಹಿಡಿದುಕೊಂಡು ಬ್ರಿಜಸ್ 1916ರಲ್ಲಿ ಬರೆದ ಪ್ರಬಂಧ 'ಜೆನೆಟಿಕ್ಸ್' ಎಂಬ ಪತ್ರಿಕೆಯ ಮೊಟ್ಟಮೊದಲ ಸಂಚಿಕೆಯ ಮೊಟ್ಟಮೊದಲ ಲೇಖನವಾಯಿತು. ಎರಡು ಎಕ್ಸ್‌ಗಳ ಜೊತೆಗೆ ಒಂದು ವೈ ಹೆಚ್ಚಾಗಿ ಬಂದ ಹೆಣ್ಣು ನೊಣಗಳು ನೋಡಲು ಮಾಮೂಲಿನಂತೆಯೇ ಇದ್ದವು, ಮೊಟ್ಟೆಯನ್ನೂ ಇಡುತ್ತಿದ್ದವು. ಹೆಚ್ಚಾಗಿ ಬಂದ ವರ್ಣತಂತು ಯಾವುದು ಎಂಬುದರ ಮೇಲೆ ಪರಿಣಾಮ ನಿಂತಿರುತ್ತದೆಯೇ ಹೊರತು ಹೆಚ್ಚಾಯಿತು ಎಂಬ ಮಾತ್ರಕ್ಕೆ ಅನಾಹುತವಾಗುವುದಿಲ್ಲ ಎಂಬ ಪಾಠ ಅಲ್ಲಿ ಅಡಗಿತ್ತು.

ಆದರೆ ವಿಲ್ಸನ್ ಕಂಡಂತಹ, ಲೆಕ್ಕದ ಹೊರಗಿನ ವರ್ಣತಂತು ಮಾತ್ರ ಈ ನೊಣದಲ್ಲಿ ಕಾಣಿಸಿಕೊಳ್ಳಲಿಲ್ಲ. ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ತಲೆತಲಾಂತರದಿಂದ ಸಾಕಿ, ಎಣಿಸಿ, ಬಣ್ಣಹಚ್ಚಿ ನೋಡಿದ ನೊಣ ಅದು. ಬಿ ವರ್ಣತಂತು ಅದರಲ್ಲಿ ಪತ್ತೆಯಾಗಲು ಮಾರ್ಗನ್ನರ ಬಿಳಿಗಣ್ಣಿನ ನೊಣದಿಂದ ಲೆಕ್ಕ ಹಾಕಿದರೆ ನೂರ ನಾಲ್ಕು ವರ್ಷಗಳು ಬೇಕಾದವು!

ಜೋಳದ ಹೊಲದಲ್ಲಿ ನಾಮಕರಣ

ಅಷ್ಟರಲ್ಲಿ ಬೇರೆ ಕಡೆ ಕೆಲಸ ಸಾಗಿತ್ತು. ಮುಸುಕಿನ ಜೋಳದಲ್ಲಿ ವರ್ಣತಂತುಗಳು ಹತ್ತು ಜೊತೆ. ಕೆಲವು ಗಿಡಗಳಲ್ಲಿ ಅದಕ್ಕಿಂತ ಹೆಚ್ಚು ಇರುತ್ತಿದ್ದವು. ಅಮೆರಿಕದ ಎಲ್. ಎಫ್. ರಾಂಡಾಲ್ಫ್ 1928ರಲ್ಲಿ ಎಂದಿನ ಇಪ್ಪತ್ತನ್ನು 'ಎ' ಎಂದೂ ಹೆಚ್ಚಿನವನ್ನು 'ಬಿ' ಎಂದೂ ಕರೆದರು. ಶಾಲೆಯಲ್ಲಿ ಎ ಸೆಕ್ಷನ್, ಬಿ ಸೆಕ್ಷನ್ ಎಂದು ವಿಂಗಡಿಸುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆಯೇ. ಬಿ ಸೆಕ್ಷನ್ನಿಗೆ ಅಂಟಿಕೊಳ್ಳುವ ತಾತ್ಸಾರವೂ ಅದರ ಜೊತೆಗೇ ಬಂದಿತು.

ತಾತ್ಸಾರಕ್ಕೆ ಒಳಗಾದವು ಬದುಕಿ ಉಳಿದುದು ಹೇಗೆ ಎಂಬುದು ನಿಜವಾದ ಪ್ರಶ್ನೆಯಾಗಿತ್ತು. ಗಿಡಕ್ಕೆ ಉಪಯೋಗವಿಲ್ಲದ, ಹೆಚ್ಚಾದರೆ ತೊಂದರೆಯನ್ನೂ ಕೊಡುವ ವಸ್ತು ಕಾಲಕ್ರಮದಲ್ಲಿ ಕಳೆದುಹೋಗಬೇಕಲ್ಲವೇ? 1945ರಲ್ಲಿ ಸ್ವೀಡನ್ನಿನ ಗುನ್ನಾರ್ ಓಸ್ಟರ್‌ಗ್ರೆನ್ ಒಂದು ದಿಟ್ಟ ಉತ್ತರ ಕೊಟ್ಟರು. ಅವು ಗಿಡಕ್ಕೆ ಉಪಕಾರಿಯಾಗಿರಲೇಬೇಕೆಂಬ ನಿಯಮವೇನೂ ಇಲ್ಲ, ಪರಾವಲಂಬಿಗಳಂತೆ ತಮ್ಮ ಉಳಿವನ್ನು ತಾವು ನೋಡಿಕೊಂಡರೆ ಸಾಕು ಎಂಬುದು ಅವರ ವಾದದ ತಿರುಳು. ಮಾವಿನ ಮರದ ಮೇಲಿನ ಬಂದಳಿಕೆಯನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಆದರೆ ವರ್ಣತಂತುವೇ ಬಂದಳಿಕೆಯಾಗಬಹುದೆಂದು ಅಲ್ಲಿಯವರೆಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

1947 ಮತ್ತು 1948ರಲ್ಲಿ ಹರ್ಷೆಲ್ ರೋಮನ್ ಅವರು ಜೋಳದ ಬಿ ವರ್ಣತಂತುವಿನ ಉಪಾಯವನ್ನು ಬಯಲಿಗೆಳೆದರು. ಪರಾಗದಲ್ಲಿ ಎರಡು ವೀರ್ಯಕೋಶಗಳು ರೂಪುಗೊಳ್ಳುವಾಗ ಬಿ ವರ್ಣತಂತುವಿನ ಎರಡು ಪ್ರತಿಗಳು ಸಮನಾಗಿ ಹಂಚಿಹೋಗದೆ ಎರಡೂ ಒಂದೇ ವೀರ್ಯಕೋಶದಲ್ಲಿ ಸೇರಿಕೊಳ್ಳುತ್ತವೆ. ಅನಂತರ ಆ ವೀರ್ಯಕೋಶವೇ ಅಂಡವನ್ನು ಕೂಡುವ ಸಂಭವ ಹೆಚ್ಚು. ಒಂದು ಹೋಗುವಲ್ಲಿ ಎರಡು ಹೋಯಿತು, ಅದೂ ಸರಿಯಾದ ಬಾಗಿಲಿನಿಂದಲೇ.

ಇನ್ನೂ ಘೋರವಾದ ಉದಾಹರಣೆ ನಸೋನಿಯಾ ಎಂಬ ಪುಟ್ಟ ಕಣಜದ್ದು. ಈ ಕಣಜದಲ್ಲಿ ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತವೆ. ಕೆಲವು ಗಂಡುಗಳಲ್ಲಿರುವ ಒಂದು ಬಿ ವರ್ಣತಂತು ವೀರ್ಯದ ಮೂಲಕ ಮೊಟ್ಟೆಯನ್ನು ಹೊಕ್ಕ ಮೇಲೆ ತಂದೆಯ ಉಳಿದ ವರ್ಣತಂತುಗಳನ್ನೆಲ್ಲ ನಾಶಪಡಿಸಿ ತಾನೊಂದೇ ಉಳಿದುಕೊಳ್ಳುತ್ತದೆ. ಹೆಣ್ಣಾಗಬೇಕಾದ ಮೊಟ್ಟೆ ಗಂಡಾಗುತ್ತದೆ. ಆ ಗಂಡು ಮತ್ತೆ ಅದೇ ಬಿಯನ್ನು ಮುಂದಕ್ಕೆ ಸಾಗಿಸುತ್ತದೆ. ತಾನು ಕುಳಿತು ಬಂದ ದೋಣಿಯನ್ನೇ ದಡ ಸೇರಿದೊಡನೆ ಸುಟ್ಟಂತೆ! ಇದರ ವಿವರ 1988ರಲ್ಲಿ ಪ್ರಕಟವಾಯಿತು. ಅದಕ್ಕೆ ಕಾರಣವಾದ ಒಂದು ವಂಶವಾಹಿ 2020ರಲ್ಲಿ ಪತ್ತೆಯಾಯಿತು.

ಮಾನಸಗಂಗೋತ್ರಿಯ ನೊಣಗಳು

ಇಲ್ಲಿ ನಮ್ಮ ನಾಡಿನ ಸುದ್ದಿಗೆ ಬರೋಣ. ಅಮೆರಿಕದ ಹೆಸರುಗಳನ್ನೇ ಕೇಳಿ ಬೇಸರವಾಗಿರಬಹುದು. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ. ಆರ್. ರಾಜಶೇಖರಶೆಟ್ಟಿ ಅವರು ಹಾಕಿದ ಬುನಾದಿಯ ಮೇಲೆ ಡ್ರಾಸೊಫಿಲಾ ಸಂಶೋಧನೆಯ ದೊಡ್ಡದೊಂದು ಪರಂಪರೆಯೇ ಬೆಳೆಯಿತು. ಎನ್. ಬಿ. ಕೃಷ್ಣಮೂರ್ತಿ ಮೊದಲಾದವರು ನಮ್ಮ ಮಲೆನಾಡಿನ, ಮೈಸೂರು ಸೀಮೆಯ ನೊಣಗಳನ್ನು ಹಿಡಿದು ಹೊಸ ಪ್ರಭೇದಗಳನ್ನು ವರ್ಣಿಸಿದರು. ಅವುಗಳಲ್ಲಿ ಒಂದಕ್ಕೆ ಗುರುಗಳ ಹೆಸರಿನಲ್ಲಿ 'ಡ್ರಾಸೊಫಿಲಾ ರಾಜಶೇಖರಿ' ಎಂದೂ ಇನ್ನೊಂದಕ್ಕೆ 'ಡ್ರಾಸೊಫಿಲಾ ಮೈಸೂರೆನ್ಸಿಸ್' ಎಂದೂ ಹೆಸರಿಟ್ಟರು. ಶಿಷ್ಯರಿಂದ ಗುರುವಿಗೆ ಹೀಗೂ ಒಂದು ಕಾಣಿಕೆ ಸಲ್ಲಬಹುದೆಂದು ಕೇಳಿದಾಗ ಮೇಷ್ಟ್ರುಗಿರಿ ಮಾಡಿದ ನನಗೆ ಹಿತವಾಗಿತ್ತು.

ಕೊಲಂಬಿಯಾದಲ್ಲಿ ಬಾಳೆಹಣ್ಣಾದರೆ ಮೈಸೂರಿನಲ್ಲಿ ನೊಣಗಳಿಗೆ ಊಟವೇನು ಗೊತ್ತೇ? ಗೋಧಿ ರವೆ, ಬೆಲ್ಲ, ಗಟ್ಟಿಯಾಗಲೆಂದು ಅಗರ್, ಬೂಷ್ಟು ಹಿಡಿಯದಿರಲೆಂದು ಚೂರು ಪ್ರೊಪಿಯೋನಿಕ್ ಆಮ್ಲ. ಒಂದು ಲೀಟರ್ ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ. ಅಂದರೆ ಹೆಚ್ಚು ಕಡಿಮೆ ಬೆಲ್ಲದ ಸಜ್ಜಿಗೆ! ಏಲಕ್ಕಿ ತುಪ್ಪಗಳಷ್ಟೇ ಕಡಿಮೆ.

ಈ ವಿಭಾಗದ ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಅವರು ಎರಡು ಹತ್ತಿರದ ಬಂಧುಗಳನ್ನು ಆರಿಸಿಕೊಂಡರು. ಒಂದು ಕೊಡಗಿನಿಂದ ತಂದ ನಸೂಟ, ವರ್ಣತಂತುಗಳು 8. ಇನ್ನೊಂದು ಜಪಾನಿನ ಓಕಿನಾವಾ ಮೂಲದ ಆಲ್ಬೊಮಿಕನ್ಸ್, ವರ್ಣತಂತುಗಳು 6. ಆಲ್ಬೊಮಿಕನ್ಸ್‌ನಲ್ಲಿ ಎರಡು ಕಡಿಮೆಯಾಗಲು ಕಾರಣ ಕಳೆದುಹೋದದ್ದಲ್ಲ, ಬೆಸೆದುಕೊಂಡದ್ದು. ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳೊಡನೆ ಕೂಡಿಕೊಂಡಿದೆ. ಈ ಎರಡನ್ನೂ ಕೂಡಿಸಿದಾಗ ಹುಟ್ಟಿದ ಮರಿಗಳು ಬಂಜೆಯಾಗಲಿಲ್ಲ. ತಲೆಮಾರುಗಳ ಕಾಲ ಸಾಕಿದಾಗ ತಂದೆಯನ್ನೂ ಹೋಲದ ತಾಯಿಯನ್ನೂ ಹೋಲದ, ಹೊಸ ವರ್ಣತಂತು ಜೋಡಣೆಯುಳ್ಳ ತಳಿಗಳು ಸ್ಥಿರವಾಗಿ ನೆಲೆನಿಂತವು. 1986ರಲ್ಲಿ ಇದರ ವರದಿ ಹೊರಬಂದಿತು. ಪ್ರಯೋಗಾಲಯದ ಬಾಟಲಿಯೊಳಗೆ ವಿಕಾಸದ ಒಂದು ಹೆಜ್ಜೆಯನ್ನು ಕಣ್ಣಾರೆ ಕಂಡಂತೆ. ರಂಗನಾಥ್ ಅವರು ಮುಂದೆ ಬೆಂಗಳೂರಿನ ನ್ಯಾಕ್ ಸಂಸ್ಥೆಯ ನಿರ್ದೇಶಕರಾದರು.

ನಮ್ಮ ಕಥೆಗೆ ಮುಖ್ಯವಾದುದು, ಇದೇ ಆಲ್ಬೊಮಿಕನ್ಸ್‌ನ ಕೆಲವು ತಳಿಗಳಲ್ಲಿ ಲೆಕ್ಕಕ್ಕಿಲ್ಲದ ಪುಟ್ಟ ವರ್ಣತಂತುಗಳು ಇದ್ದವು. ಮೈಸೂರಿನವರು 1980ರ ದಶಕದಲ್ಲಿ ಅವು ಕೋಶ ವಿಭಜನೆಯಲ್ಲಿ ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಪರಿಶೀಲಿಸಿದರು. ಜಪಾನಿನಲ್ಲೂ ಅದೇ ದಶಕದಲ್ಲಿ ಇದರ ಮೇಲೆ ಕೆಲಸವಾಯಿತು. 2012ರಲ್ಲಿ ಆಲ್ಬೊಮಿಕನ್ಸ್‌ನ ಪೂರ್ಣ ಡಿಎನ್‌ಎಯ ಕರಡು ಓದು ಪ್ರಕಟವಾದಾಗ ಅದರ ಶೀರ್ಷಿಕೆಯಲ್ಲೇ ಬಿ ವರ್ಣತಂತುಗಳಿಗೆ ಜಾಗ ಸಿಕ್ಕಿತು. ಯುರೋಪಿನಲ್ಲಿ ಡ್ರಾಸೊಫಿಲಾ ಸಬ್‌ಸಿಲ್ವೆಸ್ಟ್ರಿಸ್ ಎಂಬ ಇನ್ನೊಂದು ನೊಣದ ಬಿ ವರ್ಣತಂತುಗಳನ್ನು ಕುರಿತು 1995ರಲ್ಲಿ ಬರೆದರು. ಹೀಗೆ ಬಂಧುಬಳಗದಲ್ಲೆಲ್ಲ ಇತ್ತು. ಮನೆಯ ಯಜಮಾನನಂತಿದ್ದ ಮೆಲನೊಗ್ಯಾಸ್ಟರ್‌ನಲ್ಲಿ ಮಾತ್ರ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು.

ಕನ್ಸಾಸ್ ಸಿಟಿಯ ಒಂದು ಬಾಟಲಿ

ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಸ್ಟೋವರ್ಸ್ ಸಂಸ್ಥೆ ಎಂಬ ಸಂಶೋಧನ ಕೇಂದ್ರವಿದೆ. ಅಲ್ಲಿ ಸ್ಕಾಟ್ ಹಾಲಿ ಎಂಬವರ ತಂಡ ಮೊಟ್ಟೆಯ ತಯಾರಿಕೆಯಲ್ಲಿ ವರ್ಣತಂತುಗಳು ಹಂಚಿಹೋಗುವ ಬಗೆಯನ್ನು ಅಭ್ಯಸಿಸುತ್ತಿತ್ತು. ನೊಣದ ವಂಶವಾಹಿಗಳಿಗೆ ತಮಾಷೆಯ ಹೆಸರಿಡುವುದು ಆ ವಿಜ್ಞಾನಿಗಳ ಸಂಪ್ರದಾಯ. ಅಂತಹ ಒಂದು ವಂಶವಾಹಿಗೆ 'ಮ್ಯಾಟ್ರಿಮೊನಿ', ಅಂದರೆ ದಾಂಪತ್ಯ, ಎಂದು ಹೆಸರು. ಜೋಡಿ ವರ್ಣತಂತುಗಳು ಸಮಯ ಬರುವವರೆಗೆ ಒಟ್ಟಿಗಿದ್ದು ಆಮೇಲೆ ಕ್ರಮವಾಗಿ ಬೇರೆಯಾಗಲು ಇದು ನೆರವಾಗುತ್ತದೆ. ಪೋಲೊ ಎಂಬ ಕಿಣ್ವವನ್ನು ಹದ್ದುಬಸ್ತಿನಲ್ಲಿಡುವುದರ ಮೂಲಕ ಅದು ಈ ಕೆಲಸ ಮಾಡುತ್ತದೆ.

ಈ ವಂಶವಾಹಿ ಪೂರ್ತಿ ಕೆಟ್ಟಿರುವ ಹೆಣ್ಣು ನೊಣ ಬಂಜೆ. ಆದ್ದರಿಂದ ಕೆಟ್ಟ ಪ್ರತಿಯನ್ನು ಉಳಿಸಿಕೊಂಡು ಬರಬೇಕಾದರೆ ಜೊತೆಯಲ್ಲಿ ಒಂದು ಸರಿಯಾದ ಪ್ರತಿ ಬೇಕು, ಎರಡೂ ಬೆರೆಯದಂತೆ ಕಾವಲೂ ಬೇಕು. ಅದಕ್ಕೆಂದೇ ತುಂಡುಗಳನ್ನು ಹಿಂದುಮುಂದು ತಿರುಗಿಸಿ ರೂಪಿಸಿದ 'ಬ್ಯಾಲೆನ್ಸರ್' ವರ್ಣತಂತುಗಳಿವೆ. ಹರ್ಮನ್ ಮುಲ್ಲರ್ ಕಾಲದಿಂದ ಬಂದ ಜಾಣ ಉಪಾಯ ಅದು. ಇಲ್ಲಿ ಬಳಸಿದ ಬ್ಯಾಲೆನ್ಸರ್‌ನ ಹೆಸರು ಟಿಎಂ3.

ಆ ತಳಿಯ ನೊಣಗಳ ವರ್ಣತಂತುಗಳನ್ನು ನೋಡಿದಾಗ ಎಂಟರ ಜೊತೆಗೆ ಧೂಳಿನ ಕಣಗಳಂತೆ ಇನ್ನಷ್ಟು ಚುಕ್ಕೆಗಳಿದ್ದವು. ಒಂದೆರಡಲ್ಲ, ಸರಾಸರಿ ಒಂದು ನೊಣಕ್ಕೆ ಹತ್ತು! ಅಂದರೆ ಮನೆಯವರಿಗಿಂತ ಬಂದವರೇ ಹೆಚ್ಚು. 2014ರಲ್ಲಿ ಬೊವರ್ಲಿ, ಹ್ಯೂಸ್, ಹಾಲಿ ಮೊದಲಾದವರ ಲೇಖನ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಜಸ್ಸರ ಲೇಖನದಿಂದ ಆರಂಭವಾದ ಅದೇ ಪತ್ರಿಕೆ. ಈ ಚುಕ್ಕೆಗಳು ಹತ್ತು ವರ್ಷಗಳ ಒಳಗೆ ಆ ತಳಿಯಲ್ಲಿ ಸೇರಿಕೊಂಡವು ಎಂದು ಅವರು ತೋರಿಸಿದರು. ಗಂಡಿನಿಂದಲೂ ಹೆಣ್ಣಿನಿಂದಲೂ ಅವು ಮುಂದಿನ ತಲೆಮಾರಿಗೆ ಹೋಗುತ್ತಿದ್ದವು. ನೊಣಗಳು ಬದುಕಿದ್ದವು, ಮರಿಮಾಡುತ್ತಿದ್ದವು. ಆದರೆ ಹೆಣ್ಣು ನೊಣಗಳಲ್ಲಿ ನಾಲ್ಕನೆಯ ವರ್ಣತಂತು ಸರಿಯಾಗಿ ಹಂಚಿಹೋಗದೆ ಎಡವಟ್ಟಾಗುವುದು ಬಹಳ ಹೆಚ್ಚಾಗಿತ್ತು.

ಬಂದವರ ಕುಲಗೋತ್ರ ಯಾವುದು? ಇದಕ್ಕೆ 2018ರಲ್ಲಿ ಸ್ಟೇಸಿ ಹ್ಯಾನ್‌ಲನ್ ಮತ್ತು ಸಂಗಡಿಗರು ಉತ್ತರ ಕಂಡುಕೊಂಡರು. ವಿದ್ಯುತ್ತಿನ ಸಹಾಯದಿಂದ ಅಂಟುಪದರದಲ್ಲಿ ಈ ಬಿ ವರ್ಣತಂತುಗಳನ್ನು ಬೇರ್ಪಡಿಸಿ ಅವುಗಳ ಡಿಎನ್‌ಎಯನ್ನು ಓದಿದರು. ಕೆಲಸ ಮಾಡುವ ಪರಿಚಿತ ವಂಶವಾಹಿ ಒಂದೂ ಅದರಲ್ಲಿ ಇರಲಿಲ್ಲ. ಬರೀ ಪುನರುಕ್ತಿ. ಎ-ಎ-ಜಿ-ಎ-ಟಿ, ಎ-ಎ-ಜಿ-ಎ-ಟಿ ಎಂದು ಐದಕ್ಷರಗಳ ಜಪ, ಕಾಪಿ ಬರೆಯುವ ಶಿಕ್ಷೆ ಸಿಕ್ಕ ಹುಡುಗನ ನೋಟ್‌ಬುಕ್ಕಿನಂತೆ. ಈ ಜಪ ಮಾಮೂಲಿ ವರ್ಣತಂತುಗಳಲ್ಲಿ ಎಲ್ಲಿದೆಯೆಂದು ಹೊಳೆಯುವ ಬಣ್ಣ ಹಚ್ಚಿ ಹುಡುಕಿದಾಗ ಸಿಕ್ಕಿದ್ದು ಒಂದೇ ಕಡೆ, ನಾಲ್ಕನೆಯ ವರ್ಣತಂತುವಿನಲ್ಲಿ. ನಾನು ಮೊದಲೇ ನೆನಪಿಡಿ ಎಂದ ಚುಕ್ಕೆ! ಹೊರಗಿನಿಂದ ಬಂದವರೆಂದು ತಿಳಿದವರು ಮನೆಯೊಳಗಿನಿಂದಲೇ ಸಿಡಿದವರು. ನಾಲ್ಕನೆಯದರ ಒಂದು ಭಾಗ ಮುರಿದು, ಕನ್ನಡಿಯ ಬಿಂಬದಂತೆ ಎರಡೂ ಕಡೆ ಒಂದೇ ತೆರನಾಗಿ ಹೊಸ ವರ್ಣತಂತು ಆಗಿರಬೇಕೆಂಬುದು ಅವರ ಊಹೆಗೆ ದೊರೆತ ಆಧಾರ.

ತಡೆಯುವ ಕೈ

ಆದರೂ ಒಂದು ತೊಡಕು ಉಳಿಯಿತು. ಎಲ್ಲೋ ಒಮ್ಮೆ ಒಂದು ಚೂರು ಸಿಡಿದಿರಬಹುದು; ಅದು ಹತ್ತಾದುದು ಹೇಗೆ?

ಇದನ್ನು ತಿಳಿಯಲು ಹೆಣ್ಣಿನ ಅಂಡೋತ್ಪತ್ತಿಯ ಒಂದು ವಿಶೇಷವನ್ನು ಗಮನಿಸಬೇಕು. ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಯಿಂದ ಗಂಡಿನಲ್ಲಿ ನಾಲ್ಕು ವೀರ್ಯಗಳಾದರೆ, ಹೆಣ್ಣಿನಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಮೊಟ್ಟೆಯಾಗುತ್ತದೆ, ಉಳಿದ ಮೂರು ವ್ಯರ್ಥ. ಶಾಲಾ ವಾರ್ಷಿಕೋತ್ಸವದ ಸಂಗೀತ ಕುರ್ಚಿಯ ಆಟ ನೆನಪಿಸಿಕೊಳ್ಳಿ. ನಾಲ್ವರಿಗೆ ಒಂದೇ ಕುರ್ಚಿ. ನ್ಯಾಯವಾಗಿ ಆಡಿದರೆ ಪ್ರತಿಯೊಬ್ಬರಿಗೂ ಸಮಾನ ಅವಕಾಶ. ಆದರೆ ಸೀಟಿ ಊದುವ ಮೊದಲೇ ಕುರ್ಚಿಯ ಕಡೆಗೆ ಸರಿದು ನಿಲ್ಲುವ ಚಾಲಾಕಿ ಹುಡುಗ ಒಬ್ಬ ಇದ್ದೇ ಇರುತ್ತಾನಲ್ಲ? ಕೆಲವು ವರ್ಣತಂತುಗಳೂ ಹಾಗೆ ಮೊಟ್ಟೆಯ ಕಡೆಗೇ ನುಸುಳುತ್ತವೆ.

2023ರಲ್ಲಿ ಹ್ಯಾನ್‌ಲನ್ ಮತ್ತು ಹಾಲಿ ತೋರಿಸಿದ್ದೇನೆಂದರೆ, ಸಾಮಾನ್ಯ ನೊಣಗಳಲ್ಲಿ ಈ ಬಿ ವರ್ಣತಂತುಗಳಿಗೆ ಹಾಗೆ ನುಸುಳಲು ಸಾಧ್ಯವಾಗುವುದಿಲ್ಲ. ಮ್ಯಾಟ್ರಿಮೊನಿಯ ಒಂದು ಪ್ರತಿ ಕೆಟ್ಟಿದ್ದು, ಜೊತೆಗೆ ಟಿಎಂ3 ಬ್ಯಾಲೆನ್ಸರ್ ಕೂಡ ಇದ್ದಾಗ ಮಾತ್ರ ಅವು ಬಲವಾಗಿ ಮುನ್ನುಗ್ಗುತ್ತವೆ. ಎರಡರಲ್ಲಿ ಒಂದೇ ಇದ್ದರೆ ಸಾಲದು. ಅದೂ ಹೆಣ್ಣಿನ ಮೂಲಕ ಮಾತ್ರ. ವಿಜ್ಞಾನಿಗಳು ಬೇರೆಯದೇ ಉದ್ದೇಶಕ್ಕೆ ಜೋಡಿಸಿ ಸಾಕಿದ ಆ ಒಂದು ಬಾಟಲಿಯಲ್ಲಿ ಈ ಎರಡೂ ಕೂಡಿದ್ದವು! ನುಸುಳುವವರಿಗೆ ಬಾಗಿಲು ತೆರೆದದ್ದು ಅದರಿಂದಲೇ. ಇದರಿಂದ ಅವರು ಮುಂದಿಟ್ಟ ವಿಚಾರ ಬಹಳ ಅರ್ಥಪೂರ್ಣವಾದುದು: ಮ್ಯಾಟ್ರಿಮೊನಿಯಂತಹ ವಂಶವಾಹಿಗಳು ಹಂಚಿಕೆಯನ್ನು ಸುಸೂತ್ರವಾಗಿಸುವುದಷ್ಟೇ ಅಲ್ಲ, ಮೋಸವನ್ನು ತಡೆಯುವ ಕಾವಲುಗಾರರೂ ಆಗಿರಬಹುದು. ಆಟದ ಮೈದಾನದಲ್ಲಿ ಸೀಟಿ ಹಿಡಿದ ಪಿ.ಟಿ. ಮೇಷ್ಟ್ರು ಇರುವುದರಿಂದಲೇ ಚಾಲಾಕಿತನ ಹತೋಟಿಯಲ್ಲಿರುತ್ತದೆ. ಅವರು ರಜೆ ಹಾಕಿದ ದಿನವೇ ಅವರ ಕೆಲಸ ಏನಾಗಿತ್ತೆಂದು ನಮಗೆ ತಿಳಿಯುವುದು.

ನಮಗೇಕೆ ಇದೆಲ್ಲ?

ನೊಣದ ಹೊಟ್ಟೆಯಲ್ಲಿ ಚುಕ್ಕೆ ಎಣಿಸಿ ಆಗುವುದೇನು ಎಂದು ಕೇಳುವ ಬಂಧುಗಳು ನನಗೂ ಇದ್ದಾರೆ. ಅವರಿಗೆ ನನ್ನ ಉತ್ತರ ಇದು. ಮನುಷ್ಯನ ವರ್ಣತಂತುಗಳು 46 ಎಂದು ಖಚಿತವಾದದ್ದೇ 1956ರಲ್ಲಿ. ಮೂರು ವರ್ಷಗಳ ಅನಂತರ, 1959ರಲ್ಲಿ, ಪ್ಯಾರಿಸ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮಂಡ್ ಟರ್ಪ್ಯಾಂ ಅವರು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ವರ್ಣತಂತುಗಳಿರುವುದನ್ನು ಪ್ರಕಟಿಸಿದರು. ಬ್ರಿಜಸ್ ನೊಣದಲ್ಲಿ ಕಂಡಿದ್ದ ಬೇರ್ಪಡದಿರುವಿಕೆಯೇ ಇಲ್ಲಿಯೂ ಮೂಲ. ಬಹುಪಾಲು ಸಂದರ್ಭಗಳಲ್ಲಿ ಅದು ಅಂಡ ತಯಾರಾಗುವಾಗ ನಡೆದುಹೋಗುತ್ತದೆ, ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವವೂ ಹೆಚ್ಚುತ್ತದೆ. ಕೆಲವೊಮ್ಮೆ ತಂದೆಯ ಕಡೆಯಿಂದಲೂ ಬರುತ್ತದೆ. ಯಾರ ಪಾಪದ ಫಲವೂ ಅಲ್ಲ, ಗ್ರಹಣದ ಹೊತ್ತಿನಲ್ಲಿ ಹೊರಗೆ ಓಡಾಡಿದ್ದರ ಫಲವೂ ಅಲ್ಲ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಒಂದು ಊರಿನಲ್ಲಿ ಅಂತಹ ಮಗುವೊಂದಿತ್ತು. ಅದರ ತಾಯಿ ನೀರು ತರಲು ಬಂದರೂ ಸಾಕು, ಹೆಂಗಸರು ದನಿ ತಗ್ಗಿಸುತ್ತಿದ್ದರು. ಮಗುವಿನ ಅಜ್ಜಿ ಒಮ್ಮೆ ಶಾಲೆಗೆ ಬಂದು, "ಸ್ವಾಮಿ, ನೀವು ಓದಿದೋರು, ನಮ್ಮ ಸೊಸೆ ಮಾಡಿದ ತಪ್ಪೇನು ಹೇಳಿ" ಎಂದು ಕೇಳಿದರು. "ತಪ್ಪು ಏನೂ ಇಲ್ಲ ತಾಯಿ, ಇದು ಹುಟ್ಟುವ ಮೊದಲೇ ಕಾಳು ಹಂಚುವಾಗ ಒಂದು ಹೆಚ್ಚು ಬಿದ್ದ ಹಾಗೆ" ಎಂದೆ. ಆ ಮುದುಕಿ ಸುಮಾರು ಹೊತ್ತು ಸುಮ್ಮನೆ ಕುಳಿತಿದ್ದು, "ಹಂಗಾದರೆ ಅವಳನ್ನ ಅಂದದ್ದೆಲ್ಲ ಸುಳ್ಳೇ ಆಯ್ತು" ಎಂದು ಎದ್ದು ಹೋದರು. ಆ ಹೊತ್ತು ನನ್ನ ಬಿ.ಎಡ್.ನ ಪಾಠಕ್ರಮಗಳಿಗಿಂತ ಬ್ರಿಜಸ್ಸರ ನೊಣಗಳೇ ನನ್ನ ಕೈ ಹಿಡಿದವು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಡೌನ್ ಸಿಂಡ್ರೋಮ್‌ನಲ್ಲಿ ಹೆಚ್ಚಾಗಿರುವ 21ನೆಯ ವರ್ಣತಂತು ಬಿ ವರ್ಣತಂತು ಅಲ್ಲ. ಅದರಲ್ಲಿ ನೂರಾರು ವಂಶವಾಹಿಗಳಿವೆ. ಎರಡು ಪಾಲು ಇರಬೇಕಾದಲ್ಲಿ ಮೂರಾಗುವುದರಿಂದ ಪರಿಣಾಮ ಕಾಣುತ್ತದೆ. ಬಿ ವರ್ಣತಂತುವಾದರೋ ಎಂದಿನ ಗುಂಪಿನ ಯಾವ ಸದಸ್ಯನ ಪ್ರತಿಯೂ ಅಲ್ಲ, ತನ್ನದೇ ದಾರಿ ಹಿಡಿದದ್ದು. 'ಹೆಚ್ಚುವರಿ' ಎಂಬ ಒಂದೇ ಪದದಡಿಯಲ್ಲಿ ಎರಡನ್ನೂ ಸೇರಿಸಿ ಗಾಬರಿಪಡಬಾರದು. ಆದರೆ ಮೊಟ್ಟೆಯಲ್ಲಿ ವರ್ಣತಂತುಗಳ ಹಂಚಿಕೆ ಏಕೆ ಎಡವುತ್ತದೆ, ಅದನ್ನು ತಡೆಯುವ ಏರ್ಪಾಡುಗಳು ಯಾವುವು ಎಂಬ ಪ್ರಶ್ನೆ ಎರಡಕ್ಕೂ ಸಮಾನ. ಆ ಪ್ರಶ್ನೆಯನ್ನು ಮನುಷ್ಯರ ಮೇಲೆ ಪ್ರಯೋಗ ಮಾಡಿ ಕೇಳುವಂತಿಲ್ಲ. ರವೆ ಬೆಲ್ಲ ತಿಂದು ಹತ್ತು ದಿನಗಳಲ್ಲಿ ಬೆಳೆಯುವ ನೊಣವನ್ನು ಕೇಳಬಹುದು. ವಂಶವಾಹಿ ಇಲ್ಲದ, ಇದ್ದರೂ ಇಲ್ಲದಿದ್ದರೂ ನೊಣವನ್ನು ಕೊಲ್ಲದ ಬಿ ವರ್ಣತಂತು ಅದಕ್ಕೆ ಹೇಳಿ ಮಾಡಿಸಿದ ಸಾಧನ. ಬೇರೆ ವರ್ಣತಂತು ದಾರಿ ತಪ್ಪಿದರೆ ಸಾಮಾನ್ಯವಾಗಿ ಮರಿಯೇ ಬದುಕುವುದಿಲ್ಲ, ಲೆಕ್ಕವೂ ಸಿಗುವುದಿಲ್ಲ. ಇದು ದಾರಿ ತಪ್ಪಿದರೆ ಮರಿ ಬದುಕಿದ್ದು ಲೆಕ್ಕ ಒಪ್ಪಿಸುತ್ತದೆ.

ಹೀಗೆ ಯಾವುದನ್ನು 'ಬೇಡದ್ದು' ಎಂದು ಕರೆದರೋ ಅದೇ ಎಲ್ಲಕ್ಕಿಂತ ಹೆಚ್ಚು ಹೇಳಿಕೊಡುವ ಗುರುವಾಯಿತು. ಬಿ ವರ್ಣತಂತುಗಳು ಒಳ್ಳೆಯವು ಎಂದು ನಾನು ಹೇಳುತ್ತಿಲ್ಲ. ಕಣಜದ ಉದಾಹರಣೆ ಕಂಡ ಮೇಲೆ ಹಾಗೆ ಹೇಳುವುದು ಸಾಧ್ಯವೂ ಇಲ್ಲ. ಪ್ರಕೃತಿಗೆ ನಮ್ಮ ನೀತಿಪಾಠ ಗೊತ್ತಿಲ್ಲ, ಅದರಿಂದ ಬಲವಂತವಾಗಿ ನೀತಿ ಹಿಂಡಬಾರದು. ಆದರೆ ನೋಡುವವರ ನಡತೆಯಿಂದ ಕಲಿಯಬಹುದಾದದ್ದು ಉಂಟು. ಲೆಕ್ಕ ಹೊಂದದಿದ್ದಾಗ ವಿಲ್ಸನ್ ಉತ್ತರವನ್ನು ತಿದ್ದಿ ಸರಿಮಾಡಲಿಲ್ಲ. ಹೊಂದದೆ ಉಳಿದದ್ದನ್ನೇ ಎತ್ತಿಕೊಂಡು ಮತ್ತೆ ಎಣಿಸಿದರು. ಕನ್ಸಾಸಿನವರು ಚುಕ್ಕೆಗಳನ್ನು ಕಸವೆಂದು ಒರೆಸಿಬಿಡಲಿಲ್ಲ. ಮೈಸೂರಿನವರು ಕೊಡಗಿನ ನೊಣವನ್ನು ಕ್ಷುದ್ರವೆಂದು ಬಗೆಯಲಿಲ್ಲ.

ನಿಮ್ಮಲ್ಲಿ ಹಲವರು ಈಗ ಮಕ್ಕಳನ್ನು ಬೆಳೆಸುತ್ತಿದ್ದೀರಿ, ಕೆಲವರು ನನ್ನಂತೆಯೇ ಪಾಠ ಹೇಳುವ ವೃತ್ತಿಗೂ ಬಂದಿದ್ದೀರಿ. ಒಂದು ಭಾನುವಾರ ಮಕ್ಕಳ ಜೊತೆ ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿನ ಚೂರು ಹಾಕಿ ಕಿಟಕಿಯಲ್ಲಿಟ್ಟು ನೋಡಿ. ನೊಣ ಬರುತ್ತದೆ. ಬಂದಮೇಲೆ ಮಕ್ಕಳು ಕೇಳುವ ಪ್ರಶ್ನೆಗಳನ್ನು ನನಗೂ ಬರೆದು ತಿಳಿಸಿ. ಮುಂದಿನ ಬರಹಕ್ಕೆ ಅವು ವಸ್ತುವಾಗಬಹುದು.

ಎಲ್ಲರಿಗೂ ಶುಭವಾಗಲಿ.